ಬೈರೂತಿನ ಮಿಷನ್ ಪ್ರೆಸ್: 1834ಕ್ಕೆ ಯಂತ್ರ ಬಂತು, ಬೈಬಲ್ ಬಂದದ್ದು 1865ಕ್ಕೆ. ನಡುವೆ ಏನಾಯಿತು?

ಕಲ್ಲಚ್ಚು ಕೇಳಿದ ಪ್ರಶ್ನೆ:

19ನೇ ಶತಮಾನದ ಅರಬ್ಬಿ ಮಿಷನರಿ ಮುದ್ರಣದ ಬಗ್ಗೆ ಓದುತ್ತಿದ್ದೇನೆ. ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ಅಮೆರಿಕನ್ ಬೋರ್ಡ್ ಎಂಬ ಪ್ರೊಟೆಸ್ಟೆಂಟ್ ಮಿಷನ್ ಸಂಸ್ಥೆಯವರು ಮಾಲ್ಟಾದಲ್ಲಿ ಪ್ರೆಸ್ ಹೂಡಿದ್ದು 1822ರಲ್ಲಿ. ಅದರ ಅರಬ್ಬಿ ಭಾಗ ಬೈರೂತಿಗೆ ಬಂದದ್ದು 1834ರಲ್ಲಿ. ಆದರೆ ಅವರ ಅರಬ್ಬಿ ಬೈಬಲ್ ಪೂರ್ತಿ ಅಚ್ಚಾಗಿ ಹೊರಬಿದ್ದದ್ದು 1865ರ ಮಾರ್ಚಿನಲ್ಲಿ. ಯಂತ್ರ ಇತ್ತು, ಕಾಗದ ಇತ್ತು, ಊರಿನಿಂದ ಹಣ ಬರುತ್ತಿತ್ತು. ಅರಬ್ಬಿ ಮೊಳೆ (ಜೋಡಿಸಿ ಅಚ್ಚು ಹಾಕುವ ಲೋಹದ ಅಕ್ಷರ) ಯೂರೋಪಿನಲ್ಲಿ ಮುನ್ನೂರು ವರ್ಷದಿಂದ ಎರಕವಾಗುತ್ತಿತ್ತು. ಹಾಗಿದ್ದರೂ ಒಂದು ತಲೆಮಾರು ಹಿಡಿದದ್ದು ಯಾಕೆ?

ಇದರ ಜೊತೆಗೇ ಬರುವ ಇನ್ನೊಂದು ಅನುಮಾನ. ಮೊಳೆ ಅಷ್ಟು ಕಷ್ಟವಾಗಿದ್ದರೆ ಕಲ್ಲಚ್ಚಿಗೆ, ಅಂದರೆ ಬರಹವನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚೊತ್ತುವ ಲಿಥೊಗ್ರಫಿಗೆ ಹೋಗಬಹುದಿತ್ತಲ್ಲ? ನಮ್ಮ ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನಲ್ಲೇ ಕೆಲಸ ಶುರು ಮಾಡಿತು, 'ಮಂಗಳೂರು ಸಮಾಚಾರ' 1843ರಲ್ಲಿ ಕಲ್ಲಿನ ಮೇಲೆಯೇ ಹುಟ್ಟಿತು. ಅರಬ್ಬಿಯಂಥ ಕೂಡುಬರಹಕ್ಕೆ ಕಲ್ಲಚ್ಚು ಹೇಳಿ ಮಾಡಿಸಿದ ಹಾಗಿದೆ.

ಕೊನೆಗೊಂದು ಚಿಕ್ಕ ತೊಡಕು. ಅಂತರ್ಜಾಲದಲ್ಲಿ ಸಿಕ್ಕ ಬೈರೂತ್ ಬೈಬಲ್ಲಿನ ಸ್ಕ್ಯಾನ್ ಒಂದರಲ್ಲಿ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ ಎರಡೂ ಇವೆ, ಆದರೆ ಮುಖಪುಟದ ವರ್ಷ 1860 ಎಂದೇ ಕಾಣುತ್ತದೆ. ಕೊನೆಯಲ್ಲಿ ದುಂಡಗೆ ಸೊನ್ನೆ ಇದೆ. ಹಾಗಾದರೆ 1865 ಎನ್ನುವುದೇ ತಪ್ಪೇ?

---

ದುಂಡುಚುಕ್ಕೆ:

ಕೊನೆಯದನ್ನು ಮೊದಲು ಮುಗಿಸಿಬಿಡೋಣ. ನೀವು ಸೊನ್ನೆ ಅಂದುಕೊಂಡದ್ದು ಐದು. ಅರಬ್ಬಿ ಪುಸ್ತಕದ ಅಂಕಿಗಳಲ್ಲಿ ಸೊನ್ನೆ ಎಂದರೆ ಬರೀ ಚುಕ್ಕೆ. ನಮ್ಮ '೦'ಯಂತೆ ದುಂಡಗಿರುವುದು ಅಲ್ಲಿ ಐದು. ಕನ್ನಡದ ಕಣ್ಣಿಗೆ ಇದು ಪ್ರತಿಸಲವೂ ಮೋಸ ಮಾಡುತ್ತದೆ. 1860ರ ಹೊಸ ಒಡಂಬಡಿಕೆ ಪ್ರತ್ಯೇಕವಾಗಿಯೇ ಇದೆ, ಅದರ ವರ್ಷದ ಕೊನೆಯಲ್ಲಿ ಚುಕ್ಕೆ ಇರುತ್ತದೆ, ಹಳೆಯ ಕಾಗದದಲ್ಲಿ ಅದು ಕಲೆಯೋ ಅಂಕಿಯೋ ಎಂದು ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ. ಸಂಖ್ಯೆ ಮಾತ್ರ ಎಡದಿಂದ ಬಲಕ್ಕೇ ಓದಬೇಕು, ಸುತ್ತಲಿನ ಬರಹ ಬಲದಿಂದ ಎಡಕ್ಕೆ ಹೋದರೂ. ವರ್ಷದ ಪಕ್ಕ 'ಮಸೀಹಿಯ್ಯ' ಎಂದಿದ್ದರೆ ಕ್ರಿಸ್ತ ಶಕ. ಹಿಜರಿ ಎಂದಿದ್ದರೆ ಅಂಕಿ 12ರಿಂದಲೋ 13ರಿಂದಲೋ ಶುರುವಾಗುತ್ತದೆ.

---

ಹಳೆಮೊಳೆ:

ಮೊಳೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಆ 31 ವರ್ಷಗಳ ಮೊದಲ ಭಾಗ ತಿಂದದ್ದು ಅದೇ.

ಯೂರೋಪಿನಲ್ಲಿ ಅರಬ್ಬಿ ಮೊಳೆ ಇತ್ತು, ನಿಜ. ರೋಮಿನ ಮೆಡಿಚಿ ಪ್ರೆಸ್ 1590ರ ದಶಕದ ಆರಂಭದಲ್ಲೇ ಸುವಾರ್ತೆಗಳನ್ನು ಅಚ್ಚು ಹಾಕಿತ್ತು. ಆದರೆ ಆಮೇಲೆ ಬಂದ ಮೊಳೆಗಳಲ್ಲಿ ಹೆಚ್ಚಿನವು ಯೂರೋಪಿನ ವಿದ್ವಾಂಸರು ಓದಲೆಂದು ಕೊರೆದವು. ಅವರಿಗೆ ಅಕ್ಷರ ಗುರುತಾದರೆ ಸಾಕಿತ್ತು. ಚಿಕ್ಕಂದಿನಿಂದ ನಸ್ಖ್ ಎಂಬ ಅರಬ್ಬಿ ಬರವಣಿಗೆ ಶೈಲಿಯ ಒಳ್ಳೆಯ ಕೈಬರಹ ನೋಡಿಕೊಂಡು ಬಂದ ಬೈರೂತಿನ, ದಮಾಸ್ಕಸ್ಸಿನ ಓದುಗನಿಗೆ ಆ ಅಕ್ಷರಗಳು ಕುಂಟುತ್ತಿದ್ದಂತೆ ಕಾಣುತ್ತಿದ್ದವು. ಕನ್ನಡ ಬಾರದವನು ಚಾರ್ಟ್ ನೋಡಿಕೊಂಡು ಬರೆದ ಕನ್ನಡವನ್ನು ನೆನೆಸಿಕೊಳ್ಳಿ. ಓದಬಹುದು, ಆದರೆ ದುಡ್ಡು ಕೊಟ್ಟು ಮನೆಗೆ ತರುವುದಿಲ್ಲ, ಗೌರವದ ಗ್ರಂಥ ಎಂದು ಒಪ್ಪುವುದಂತೂ ಇಲ್ಲವೇ ಇಲ್ಲ.

ಬೈರೂತಿನ ಪ್ರೆಸ್ಸಿನ ಹೊಣೆ ಹೊತ್ತ ಈಲೈ ಸ್ಮಿತ್ ಇದನ್ನು ಬೇಗ ಅರ್ಥ ಮಾಡಿಕೊಂಡ. ಇದ್ದ ಮೊಳೆಯಲ್ಲಿ ಚಿಕ್ಕಪುಟ್ಟ ಪುಸ್ತಕ ಹಾಕುತ್ತಲೇ ಒಳ್ಳೆಯ ಲಿಪಿಕಾರರ ಬರಹದ ಮಾದರಿಗಳನ್ನು ಕೂಡಿಸಿದ. 1836ರಲ್ಲಿ ಸ್ಮಿರ್ನಾಕ್ಕೆ (ಇಂದಿನ ತುರ್ಕಿಯ ಇಜ್ಮೀರ್) ಹೊರಟ ಹಡಗು ಒಡೆದು ಅವೆಲ್ಲ ನೀರುಪಾಲಾದವು. ಹೆಂಡತಿ ಸಾರಾ ಅದೇ ವರ್ಷ ಸ್ಮಿರ್ನಾದಲ್ಲಿ ತೀರಿಕೊಂಡಳು. ಆತ ಇಸ್ತಾಂಬುಲಿನಲ್ಲಿ ಮತ್ತೆ ಮಾದರಿ ಸಂಗ್ರಹಿಸಿದ. ಮಿಷನ್ನಿನ ಮುದ್ರಕ ಹೋಮನ್ ಹ್ಯಾಲಕ್ ಸ್ಮಿರ್ನಾದಲ್ಲಿ ಪಂಚುಗಳನ್ನು, ಅಂದರೆ ಮೊಳೆಯ ಅಚ್ಚು ತೆಗೆಯಲು ಬಳಸುವ ಉಕ್ಕಿನ ಮೂಲ ಅಕ್ಷರಗಳನ್ನು ಕೊರೆದ. ಎರಕ ಆದದ್ದು ಜರ್ಮನಿಯ ಲೈಪ್ಸಿಗ್‌ನಲ್ಲಿ, ಕಾರ್ಲ್ ಟೌಖ್ನಿಟ್ಸ್ ಸಂಸ್ಥೆಯಲ್ಲಿ. ಫ್ಲೂಗೆಲ್ ಸಂಪಾದಿಸಿದ ಕುರಾನನ್ನು 1834ರಲ್ಲಿ ಹೊರತಂದದ್ದೂ ಅದೇ ಸಂಸ್ಥೆ, ಹಾಗಾಗಿ ಅರಬ್ಬಿ ಅಲ್ಲಿಗೆ ಹೊಸದಲ್ಲ. ಹೀಗೆ ತಯಾರಾದ ಮೊಳೆಗೆ ಆಮೇಲೆ 'ಅಮೆರಿಕನ್ ಅರಬ್ಬಿ' ಎಂದೇ ಹೆಸರು ನಿಂತಿತು. ಅಷ್ಟರಲ್ಲಿ 1840ರ ದಶಕ ಬಂದಾಗಿತ್ತು.

ಪಂಚು ಕೊರೆಯುವುದಕ್ಕೆ ಇಷ್ಟು ಸಮಯ ಯಾಕೆ ಎಂದರೆ ಲೆಕ್ಕ ಹಾಕಿ ನೋಡಿ. 28 ಅಕ್ಷರ. ಅದರಲ್ಲಿ 22 ಅಕ್ಷರ ಎರಡೂ ಕಡೆ ಕೂಡಿಕೊಳ್ಳುತ್ತವೆ. ಒಂಟಿ, ಮೊದಲು, ನಡು, ಕೊನೆ ಎಂದು ನಾಲ್ಕು ರೂಪ, ಒಟ್ಟು 88. ಅಲಿಫ್, ದಾಲ್, ಧಾಲ್, ರಾ, ಜಾ, ವಾವ್ ಈ ಆರು ಮುಂದಿನ ಅಕ್ಷರಕ್ಕೆ ಕೈ ಕೊಡುವುದಿಲ್ಲ. ಎರಡೆರಡು ರೂಪ, 12. ಇಲ್ಲಿಗೆ ನೂರಾಯಿತು. ಹಮ್ಜಾದ ರೂಪಗಳು, ತಾ ಮರ್ಬೂತಾ, ಲಾಮ್-ಅಲಿಫ್ ಬೇರೆ. ಆದರೆ ನೂರು ಚಿಲ್ಲರೆಯಲ್ಲಿ ನಿಲ್ಲಿಸಿದರೆ ಬರುವುದು ಅದೇ ಕುಂಟು ಅಕ್ಷರ. ನಸ್ಖ್ ಬರಹದಲ್ಲಿ ಹಾ, ಜೀಮ್, ಮೀಮ್ ಮೊದಲಾದವು ಬಂದಾಗ ಹಿಂದಿನ ಅಕ್ಷರ ಅವುಗಳ ತಲೆಯ ಮೇಲೆ ಹತ್ತಿ ಕೂರುತ್ತದೆ, ಪಕ್ಕದಲ್ಲಿ ಅಲ್ಲ. ಅಂಥ ಪ್ರತಿಯೊಂದು ಜೋಡಿಗೂ ಒಂದು ಪಂಚು. ಸ್ವರಚಿಹ್ನೆ ಹಾಕಬೇಕೆಂದರೆ ಮತ್ತೆ ಅದರ ಸಂಸಾರ. ಹೀಗೆ ಸಂಖ್ಯೆ ಸುಲಭವಾಗಿ ಹಲವು ನೂರು ದಾಟುತ್ತದೆ.

ಒಂದೊಂದು ಪಂಚಿನ ಕೆಲಸವೂ ಹೀಗೆ: ಉಕ್ಕಿನ ಸಲಾಕೆಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಅರದಿಂದ ತೀಡಿ ಕೊರೆಯುವುದು, ಮೋಂಬತ್ತಿಯ ಉರಿಗೆ ಹಿಡಿದು ಮಸಿ ಕಟ್ಟಿಸಿ ಕಾಗದದ ಮೇಲೆ ಒತ್ತಿ ಮಾದರಿಗೆ ಹೋಲಿಸುವುದು, ಸರಿಯಾಗುವ ತನಕ ಮತ್ತೆ ತೀಡುವುದು, ಆಮೇಲೆ ಕಾಯಿಸಿ ಅದ್ದಿ ಗಡಸು ಮಾಡುವುದು, ತಾಮ್ರದ ತುಂಡಿಗೆ ಹೊಡೆದು ಪಡಿಯಚ್ಚು ತೆಗೆಯುವುದು. ಆ ಪಡಿಯಚ್ಚಿನ ಅಂಚುಗಳನ್ನು ಸರಿಪಡಿಸುವ ಹಂತದಲ್ಲೇ ಅರಬ್ಬಿ ಮೊಳೆ ಹೆಚ್ಚಾಗಿ ಕೆಡುವುದು. ರೋಮನ್ ಅಕ್ಷರ ಕೂದಲೆಳೆಯಷ್ಟು ಮೇಲೆ ಕೆಳಗೆ ಕುಳಿತರೆ ಯಾರೂ ನೋಡುವುದಿಲ್ಲ. ಅರಬ್ಬಿಯಲ್ಲಿ ಪಕ್ಕದ ಗೆರೆಗೆ ಗೆರೆ ಕೂಡಬೇಕು. ಕೂದಲೆಳೆ ತಪ್ಪಿದರೆ ಪದದ ನಡುವೆ ಮೆಟ್ಟಿಲು ಬಿದ್ದಂತೆ ಕಾಣುತ್ತದೆ. ಮೊಳೆಯ ಅಂಚು ಸವೆದರೆ ಕೂಡುವಲ್ಲಿ ಬಿಳಿ ಗೀರು. ಹಳೆಯ ಅಚ್ಚಿನಲ್ಲಿ ಆ ಗೀರುಗಳು ಎಷ್ಟಿವೆ ಎಂದು ನೋಡಿಯೇ ಮೊಳೆ ಎಷ್ಟು ದುಡಿದಿದೆ ಎಂದು ಅಂದಾಜು ಮಾಡಬಹುದು.

---

ಶ್ರದ್ಧಾವಂತ:

ಎಷ್ಟೇ ಆಗಲಿ, ಅರಬ್ಬರಿಗೆ ಮುದ್ರಣ ಕಲಿಸಿದ್ದೇ ಈ ಮಿಷನರಿಗಳು ಎನ್ನುವುದನ್ನು ಮರೆಯಬಾರದು.

---

ಲೆವಾಂತ್ ಓದುಗ:

ಶ್ರದ್ಧಾವಂತ ಅವರೇ, ಆ ಮಾತು ನಿಲ್ಲುವುದಿಲ್ಲ. ಅಲೆಪ್ಪೊದಲ್ಲಿ 1706ರಲ್ಲೇ ಅಥನಾಸಿಯುಸ್ ದಬ್ಬಾಸ್ ಎಂಬ ಆರ್ಥೊಡಾಕ್ಸ್ ಧರ್ಮಾಧ್ಯಕ್ಷನ ಅರಬ್ಬಿ ಪ್ರೆಸ್ ಇತ್ತು. ಲೆಬನಾನ್ ಬೆಟ್ಟದ ಶುವೈರ್ ಮಠದಲ್ಲಿ ಅಬ್ದುಲ್ಲಾ ಜಾಖಿರ್ ತಾನೇ ಮೊಳೆ ಮಾಡಿಕೊಂಡು 1734ರಲ್ಲಿ ಪುಸ್ತಕ ಹೊರತಂದ. ಇಸ್ತಾಂಬುಲಿನಲ್ಲಿ ಇಬ್ರಾಹಿಂ ಮುತೆಫೆರ್ರಿಕಾನಿಗೆ 1727ರಲ್ಲಿ ಅನುಮತಿ ಸಿಕ್ಕಿತು, ಧರ್ಮಗ್ರಂಥ ಮಾತ್ರ ಹಾಕಬಾರದೆಂಬ ಷರತ್ತಿನ ಮೇಲೆ. ಕೈರೋದ ಬೂಲಾಕ್‌ನಲ್ಲಿ ಮುಹಮ್ಮದ್ ಅಲಿಯ ಸರ್ಕಾರಿ ಪ್ರೆಸ್ 1822ರಲ್ಲಿ ಇಟಾಲಿಯನ್-ಅರಬ್ಬಿ ನಿಘಂಟು ಅಚ್ಚು ಹಾಕಿತು. ಅಮೆರಿಕನ್ನರು ಬೈರೂತಿನಲ್ಲಿ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಓದುಗರ ಕೈಯಲ್ಲಿ ಹೋಲಿಸಿ ನೋಡಲು ಬೇರೆ ಪುಸ್ತಕಗಳಿದ್ದವು. ಅದಕ್ಕೇ ಹಳೆಮೊಳೆ ಅವರು ಹೇಳಿದ 'ಕುಂಟು ಅಕ್ಷರ' ಅಷ್ಟು ಬೇಗ ಸಿಕ್ಕಿಬಿದ್ದದ್ದು.

ಮಿಷನರಿಗಳದ್ದೇ ಮಾತಾಡಿದರೂ ಮಾಲ್ಟಾದಲ್ಲಿ ಅರಬ್ಬಿ ಪುಸ್ತಕಗಳ ಮುಖ್ಯ ಕೆಲಸ ನಡೆದದ್ದು ಅಮೆರಿಕನ್ನರಲ್ಲಿ ಅಲ್ಲ, ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಪ್ರೆಸ್ಸಿನಲ್ಲಿ. 1820ರ ದಶಕದ ನಡುವಿನಿಂದ 1842ರವರೆಗೆ ಅದು ನಡೆಯಿತು. ಅದನ್ನು ಬಹುಕಾಲ ನೋಡಿಕೊಂಡ ಕ್ರಿಸ್ಟೋಫ್ ಶ್ಲೀಂಟ್ಸ್ ಬಾಸೆಲ್ ಸೆಮಿನರಿಯಲ್ಲಿ ತರಬೇತಾದವನು. ಮಂಗಳೂರಿಗೆ ಪಾದ್ರಿಗಳನ್ನು ಕಳಿಸಿದ ಅದೇ ಬಾಸೆಲ್. ಅಲ್ಲಿ ಅನುವಾದಕನಾಗಿ ದುಡಿದ ಫಾರಿಸ್ ಅಲ್-ಶಿದ್ಯಾಕ್ ಲೆಬನಾನಿನ ಮಾರೊನೈಟ್ ಕ್ರೈಸ್ತ ಮನೆತನದವನು, ಭಾಷೆಯಲ್ಲಿ ಹುಲಿ. ಗೆರ್ಮಾನುಸ್ ಫರ್ಹಾತನ ವ್ಯಾಕರಣ 1836ರಲ್ಲಿ ಮಾಲ್ಟಾದಲ್ಲಿ ಅಚ್ಚಾದದ್ದು ಅವನ ಕೈಯಲ್ಲಿ. ಮುಂದೆ ಅವನು ಮುಸ್ಲಿಮನಾಗಿ, ಇಸ್ತಾಂಬುಲಿನಲ್ಲಿ 1861ರಿಂದ 'ಅಲ್-ಜವಾಇಬ್' ಪತ್ರಿಕೆ ನಡೆಸಿ, ಹಳೆಯ ಅರಬ್ಬಿ ಕೃತಿಗಳನ್ನೂ ಅಚ್ಚು ಹಾಕಿದ. ಮಿಷನ್ ಪ್ರೆಸ್ಸಿನಲ್ಲಿ ಕಸುಬು ಕಲಿತವರು ಕಸುಬನ್ನು ಇಟ್ಟುಕೊಂಡು ಮಿಷನ್ನನ್ನು ಬಿಟ್ಟ ಉದಾಹರಣೆ ಇದೊಂದೇ ಅಲ್ಲ.

---

ಕಲ್ಲಚ್ಚು:

ಹಳೆಮೊಳೆ ಅವರಿಗೆ ಧನ್ಯವಾದ. ಆದರೆ ಇಷ್ಟು ಕಷ್ಟ ನೋಡಿದ ಮೇಲೆ ನನ್ನ ಎರಡನೇ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಒಬ್ಬ ಒಳ್ಳೆಯ ಲಿಪಿಕಾರನನ್ನು ಕೂರಿಸಿ ಬರೆಸಿ ಕಲ್ಲಿಗೆ ಇಳಿಸಿದ್ದರೆ ಆಗಿಹೋಗುತ್ತಿತ್ತಲ್ಲ?

---

ಹಳೆಮೊಳೆ:

ಕಲ್ಲಚ್ಚು ಚೆನ್ನಾಗಿ ಒಗ್ಗಿದ ಕಡೆ ಇದೆ. ಇರಾನಿನಲ್ಲಿ, ನಮ್ಮ ಲಖನೌನ ನವಲ್ ಕಿಶೋರ್ ಪ್ರೆಸ್ಸಿನಲ್ಲಿ, ಮೊರಾಕ್ಕೊದ ಫೆಜ್‌ನಲ್ಲಿ. ಪಾರ್ಸಿ, ಉರ್ದುವಿಗೆ ಬಳಸುವ ನಸ್ತಾಲೀಕ್ ಲಿಪಿ ಸಾಲಿನ ಮೇಲೆ ಓರೆಯಾಗಿ ಇಳಿಯುವುದರಿಂದ ಅದಕ್ಕೆ ಮೊಳೆ ಇನ್ನೂ ಕಷ್ಟ. ಬೈರೂತಿನಲ್ಲೇ ಜೆಸ್ಯೂಟರ ಕ್ಯಾಥೊಲಿಕ್ ಪ್ರೆಸ್ ಮೊದಲು ಕಲ್ಲಚ್ಚಿನಿಂದಲೇ ಶುರುವಾಗಿ, ಬೇಗ ಮೊಳೆಗೆ ಹೊರಳಿತು. ಯಾಕೆ ಹೊರಳಿತು ಎಂದು ಕೇಳಿದರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಬರೆದ ಹಾಳೆಯನ್ನು ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಒತ್ತಿ ಇಳಿಸಬೇಕು. ಗೋಂದು ಮತ್ತು ಆಮ್ಲದ ನೀರು ಸವರಿ ಬಿಳಿ ಜಾಗ ಮಸಿ ಹಿಡಿಯದಂತೆ ಮಾಡಬೇಕು. ಪ್ರತಿ ಒತ್ತಿಗೂ ಕಲ್ಲನ್ನು ಒದ್ದೆ ಮಾಡಬೇಕು. ಒಂದು ಪದ ತಪ್ಪಿದರೆ ಕಲ್ಲಿನ ಮೇಲೆ ಕೆರೆದು ತಿರುವುಬರಹದಲ್ಲಿ ತಿದ್ದಬೇಕು. ಒಂದು ಸಾಲು ಸೇರಿಸಬೇಕಾದರೆ ಪುಟವನ್ನೇ ಮತ್ತೆ ಬರೆಯಬೇಕು. ಸಾವಿರ ಪುಟ ದಾಟುವ ಗ್ರಂಥ. ಕಲ್ಲುಗಳನ್ನು ಹಾಗೇ ಇಟ್ಟುಕೊಳ್ಳಲು ಗೋದಾಮು ಬೇಕು, ಇಟ್ಟುಕೊಳ್ಳದೆ ತಿಕ್ಕಿ ಮುಂದಿನ ಪುಟಕ್ಕೆ ಬಳಸಿದರೆ ಮರುಮುದ್ರಣಕ್ಕೆ ಮತ್ತೆ ಅಷ್ಟೂ ಬರೆಸಬೇಕು. ಪ್ರತಿಸಲ ಬರೆಸಿದಾಗಲೂ ಹೊಸ ತಪ್ಪು. ವರ್ಷಗಟ್ಟಲೆ ಕರಡು ತಿದ್ದುವ, ಆಮೇಲೆ ದಶಕಗಟ್ಟಲೆ ಅದೇ ಪಾಠವನ್ನು ಮರುಮುದ್ರಿಸುವ ಪುಸ್ತಕಕ್ಕೆ ಅದು ತಕ್ಕ ದಾರಿಯಲ್ಲ. ನಾಲ್ಕು ಪುಟದ ಪತ್ರಿಕೆಗೆ, ಚಿಕ್ಕ ಪ್ರಶ್ನೋತ್ತರಕ್ಕೆ ಸರಿ. 'ಮಂಗಳೂರು ಸಮಾಚಾರ' ಕೂಡ ವರ್ಷ ತುಂಬುವಷ್ಟರಲ್ಲಿ ಬಳ್ಳಾರಿಗೆ ಹೋಗಿ ಮೊಳೆ ಹಿಡಿಯಿತಲ್ಲ.

---

ಗ್ಯಾಲಿಪ್ರೂಫ್:

ಮೊಳೆ ಜೋಡಣೆಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಕನ್ನಡದಲ್ಲಿ ಒತ್ತಕ್ಷರ ಕೂರಿಸುವ ಗೋಳು ಗೊತ್ತಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಸ್ವರಚಿಹ್ನೆ ಇಲ್ಲದ ಅರಬ್ಬಿ ಒಂದೇ ಅಂತಸ್ತಿನ ಕೆಲಸ. ಚಿಹ್ನೆ ಹಾಕಿದರೆ ಮೂರು ಅಂತಸ್ತು. ಫತ್ಹಾ, ದಮ್ಮಾ, ಸುಕೂನ್, ಶದ್ದಾ ಅಕ್ಷರದ ಮೇಲೆ, ಕಸ್ರಾ ಕೆಳಗೆ. ಶದ್ದಾದ ಮೇಲೆ ಫತ್ಹಾ ಕೂತರೆ ಅದಕ್ಕೆ ಬೇರೆಯೇ ಮೊಳೆ. ಚಿಹ್ನೆಗಳನ್ನು ಸಣ್ಣ ಮೊಳೆಗಳ ಪ್ರತ್ಯೇಕ ಸಾಲಾಗಿ ಮೇಲೆ ಕೆಳಗೆ ಜೋಡಿಸುವುದು ಒಂದು ಕ್ರಮ. ಆಗ ಆ ಸಾಲಿನ ಖಾಲಿ ಜಾಗಗಳನ್ನೆಲ್ಲ ಕೆಳಗಿನ ಅಕ್ಷರದ ಅಗಲಕ್ಕೆ ಸರಿಯಾಗಿ ತುಂಬಬೇಕು. ಒಂದು ತುಂಡು ತೆಳುವಾದರೆ ಅಲ್ಲಿಂದಾಚೆ ಎಲ್ಲ ಚಿಹ್ನೆಗಳೂ ಒಂದು ಅಕ್ಷರ ಆಚೆಗೆ ಜಾರುತ್ತವೆ, ಅರ್ಥವೇ ಬದಲಾಗುತ್ತದೆ: 'ಕತಬ' ಎಂದರೆ ಬರೆದನು, 'ಕುತಿಬ' ಎಂದರೆ ಬರೆಯಲ್ಪಟ್ಟಿತು. ಚಿಹ್ನೆಯನ್ನು ಅಕ್ಷರದ ಜೊತೆಗೇ ಎರಕ ಹಾಕುವುದು ಇನ್ನೊಂದು ಕ್ರಮ. ಜಾರುವುದಿಲ್ಲ, ಆದರೆ ಮೊಳೆ ಇಡುವ ಕೇಸಿನ ಮನೆಗಳು ಎಷ್ಟೋ ಪಟ್ಟು ಹೆಚ್ಚುತ್ತವೆ, ಜೋಡಿಸುವವನು ಒಂದು ಗೋಡೆಯುದ್ದ ನಡೆದಾಡಬೇಕು. ಮೊಳೆಯ ಒಡಲಿನಿಂದ ಹೊರಚಾಚಿದ ರಾ, ವಾವ್ ಬಾಲಗಳು ಪಕ್ಕದ ಮೊಳೆಯ ಮೇಲೆ ಒರಗುತ್ತವೆ. ಪಕ್ಕದ್ದು ಎತ್ತರದ ಮೊಳೆಯಾದರೆ ಪ್ರೆಸ್ಸಿನ ಒಂದೇ ಎಳೆತಕ್ಕೆ ಬಾಲ ಮುರಿಯುತ್ತದೆ. ಸೀಸಕ್ಕೆ ಆಂಟಿಮನಿ ಹೆಚ್ಚು ಬೆರೆಸಿದರೆ ಗಡಸು ಬರುತ್ತದೆ, ಜೊತೆಗೆ ಪೆಡಸೂ ಬರುತ್ತದೆ, ಬಾಲ ಇನ್ನೂ ಬೇಗ ಮುರಿಯುತ್ತದೆ.

ಸಾಲಿನ ಕೊನೆ ಸರಿದೂಗಿಸುವುದೂ ಬೇರೆ ರೀತಿ. ಅರಬ್ಬಿಯಲ್ಲಿ ಪದವನ್ನು ಮುರಿದು ಅಡ್ಡಗೆರೆ ಹಾಕಿ ಮುಂದಿನ ಸಾಲಿಗೆ ಒಯ್ಯುವಂತಿಲ್ಲ. ಪದಗಳ ನಡುವೆ ಜಾಗ ಹಿಗ್ಗಿಸಿದರೆ ತೂತು ಬಿದ್ದಂತೆ ಕಾಣುತ್ತದೆ. ಬದಲಿಗೆ ಎರಡು ಅಕ್ಷರ ಕೂಡುವ ಗೆರೆಯನ್ನೇ ಉದ್ದ ಮಾಡಲು ಕಶೀದಾ ತುಂಡು ಇರುತ್ತದೆ, ಹಲವು ಅಗಲಗಳಲ್ಲಿ. ಸಾಲಿಗೆ ಒಂದೋ ಎರಡೋ ಹಾಕಿದರೆ ಚೆನ್ನ. ಕೈಗೆ ಬಂದಲ್ಲೆಲ್ಲ ಹಾಕಿದರೆ ರಬ್ಬರ್ ಎಳೆದ ಹಾಗೆ. ಯೂರೋಪಿನ ಹಳೆಯ ಅಚ್ಚುಗಳಲ್ಲಿ ಈ ಚಟ ಕಣ್ಣಿಗೆ ಹೊಡೆಯುತ್ತದೆ.

ಒಂದು ಸೋಜಿಗವೂ ಇದೆ. ಲೋಹದಲ್ಲಿ ಎಲ್ಲವೂ ಕನ್ನಡಿ ಬಿಂಬ. ಕನ್ನಡದ, ಇಂಗ್ಲಿಷಿನ ಮೊಳೆ ಸಾಲನ್ನು ಎಡದಿಂದ ಬಲಕ್ಕೆ ಓದಬೇಕಾದರೆ ತಲೆಕೆಳಗಾಗಿ ಹಿಡಿಯಬೇಕು. ಅರಬ್ಬಿ ಸಾಲು ಮಾತ್ರ ನೆಟ್ಟಗೆ ನಿಂತೇ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ. ಹೊಸಬರು ಎಡವುವುದು ಪುಟ ಹೊಂದಿಸುವಾಗ. 16 ಪುಟದ ಫಾರಮ್ಮಿನ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಇಂಗ್ಲಿಷ್ ನಕ್ಷೆಯನ್ನು ಹಾಗೇ ಅನುಸರಿಸಿದರೆ ಮಡಚಿದಾಗ ಪುಸ್ತಕ ಹಿಂದುಮುಂದಾಗುತ್ತದೆ. ನಕ್ಷೆಯನ್ನು ಎಡಬಲ ಅದಲುಬದಲು ಮಾಡಿಕೊಂಡರೆ ಸಾಕು, ಮೇಲೆ ಕೆಳಗೆ ಮುಟ್ಟಬಾರದು.

---

ಕಲ್ಲಚ್ಚು:

ಸರಿ, ಮೊಳೆ 1840ರ ದಶಕದ ಆರಂಭಕ್ಕೆ ಸಿದ್ಧವಾಯಿತು ಎಂದುಕೊಳ್ಳೋಣ. ಅಲ್ಲಿಂದ 1865ಕ್ಕೆ ಇನ್ನೂ ಇಪ್ಪತ್ತು ವರ್ಷ ಇದೆಯಲ್ಲ. ಅನುವಾದವೂ ಅಷ್ಟೇ ತಡವಾಯಿತೇ? ರೋಮಿನ ಹಳೆಯ ಅನುವಾದ ಇತ್ತಲ್ಲ, ಅದನ್ನೇ ಹಾಕಬಹುದಿತ್ತು.

---

ಲೆವಾಂತ್ ಓದುಗ:

1671ರ ರೋಮ್ ಪಾಠವನ್ನು ಬ್ರಿಟಿಷ್ ಬೈಬಲ್ ಸೊಸೈಟಿ ಮರುಮುದ್ರಿಸಿ ಹಂಚುತ್ತಿತ್ತು. ಅದರ ಅರಬ್ಬಿ ಪಂಡಿತರಿಗೆ ರುಚಿಸುತ್ತಿರಲಿಲ್ಲ. ಅಕ್ಷರದ ವಿಷಯದಲ್ಲಿ ಆದದ್ದೇ ಭಾಷೆಯ ವಿಷಯದಲ್ಲೂ ಆಯಿತು: ಓದುಗ ಮೊದಲು ನೋಡುವುದು ವ್ಯಾಕರಣ, ಮತವಿಚಾರ ಆಮೇಲೆ. ಕುರಾನಿನ ಭಾಷೆಯಲ್ಲಿ ಪಳಗಿದ ಕಿವಿಗೆ ತಪ್ಪು ವಿಭಕ್ತಿ ಕೇಳಿಸಿದರೆ ಪುಸ್ತಕ ಅಲ್ಲಿಗೇ ಮುಚ್ಚಿತು.

ಸ್ಮಿತ್ 1848ರಲ್ಲಿ ಹೊಸ ಅನುವಾದಕ್ಕೆ ಕೂತ. ಕ್ರಮ ಹೀಗಿತ್ತು: ಬುತ್ರುಸ್ ಅಲ್-ಬುಸ್ತಾನಿ ಮೂಲ ನೋಡಿಕೊಂಡು ಮೊದಲ ಕರಡು ಮಾಡುವುದು. ಸ್ಮಿತ್ ಅದನ್ನು ಹೀಬ್ರೂ, ಗ್ರೀಕ್ ಮೂಲಕ್ಕೆ ಹೋಲಿಸಿ ತಿದ್ದುವುದು. ಆಮೇಲೆ ನಾಸೀಫ್ ಅಲ್-ಯಾಜಿಜಿ, ಮೂಲ ಭಾಷೆ ಬಾರದ ಆದರೆ ಅರಬ್ಬಿಯಲ್ಲಿ ಅಪ್ರತಿಮನಾದ ಕವಿ, ಅದರಲ್ಲಿ ಪರಭಾಷೆಯ ವಾಸನೆ ಇದ್ದಲ್ಲೆಲ್ಲ ಹಿಡಿದು ಅರಬ್ಬಿ ಮಾಡುವುದು. ಹಾಗೆ ಮಾಡುವಾಗ ಅರ್ಥ ಜಾರಿದೆಯೇ ಎಂದು ಸ್ಮಿತ್ ಮತ್ತೆ ನೋಡುವುದು. ಪ್ರತಿ ವಾಕ್ಯ ನಾಲ್ಕು ಕೈ ದಾಟಿತು. ಯಾಜಿಜಿಗೆ ಹೀಬ್ರೂ ಬಾರದೆ ಇದ್ದದ್ದೇ ಇಲ್ಲಿ ಲಾಭ ಎನ್ನುವುದು ನನ್ನ ಅನಿಸಿಕೆ. ಮೂಲ ಗೊತ್ತಿದ್ದವನು ಕೆಟ್ಟ ಅನುವಾದವನ್ನೂ ಅರ್ಥ ಮಾಡಿಕೊಂಡುಬಿಡುತ್ತಾನೆ.

ಸ್ಮಿತ್ 1857ರ ಜನವರಿಯಲ್ಲಿ ತೀರಿಕೊಂಡ. ಅಚ್ಚಿನ ಹಂತಕ್ಕೆ ಬಂದಿದ್ದದ್ದು ಆದಿಕಾಂಡ, ವಿಮೋಚನಕಾಂಡದ ಬಹುಪಾಲು, ಮತ್ತಾಯನ ಸುವಾರ್ತೆಯ ಅರ್ಧದಷ್ಟು ಮಾತ್ರ. ಕೆಲಸ ಕಾರ್ನೀಲಿಯಸ್ ವ್ಯಾನ್ ಡೈಕ್ ಎಂಬ ವೈದ್ಯನ ಕೈಗೆ ಬಂತು. ಅವನು 1840ರಲ್ಲಿ ಬಂದವನು, ಅರಬ್ಬಿಯಲ್ಲಿ ಭೂಗೋಳ, ಬೀಜಗಣಿತ ಬರೆದಿದ್ದವನು. ಹೊಸ ಒಡಂಬಡಿಕೆಯನ್ನು ಅವನು ಹೆಚ್ಚುಕಡಿಮೆ ಹೊಸದಾಗಿಯೇ ಮಾಡಬೇಕಾಯಿತು. ಸ್ಮಿತ್ ಆಧುನಿಕ ಸಂಪಾದಕರ ಗ್ರೀಕ್ ಪಾಠಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ, ಅಮೆರಿಕನ್ ಬೈಬಲ್ ಸೊಸೈಟಿ ಮಾತ್ರ ರೂಢಿಯ ಪಾಠವನ್ನು ಬಿಟ್ಟು ಅಲ್ಲಾಡಕೂಡದು ಎಂದಿತು. ಭಾಷೆಗೆ ವ್ಯಾನ್ ಡೈಕ್ ಆರಿಸಿಕೊಂಡದ್ದು ಯೂಸುಫ್ ಅಲ್-ಅಸೀರ್‌ನನ್ನು. ಸೈದಾ ಊರಿನವನು, ಕೈರೋದ ಅಲ್-ಅಜ್ಹರ್ ವಿದ್ಯಾಪೀಠದಲ್ಲಿ ಓದಿದ ಮುಸ್ಲಿಂ ಶೇಖ್. ಚರ್ಚಿನ ಒಳಗಿನ ಹಳೆಯ ರೂಢಿಮಾತು ಅವನ ಕಿವಿಗೆ ಅಂಟಿರಲಿಲ್ಲ. ಬೈಬಲ್ಲಿನ ವ್ಯಾಕರಣ, ಸ್ವರಚಿಹ್ನೆ ನೋಡಲು ಮುಸ್ಲಿಂ ಪಂಡಿತ! ಆ ಆಯ್ಕೆಯಲ್ಲಿ ಇಡೀ ಕಥೆ ಇದೆ.

ಕರಡಚ್ಚು ತೆಗೆದು ಸುಮಾರು 30 ಪ್ರತಿಯನ್ನು ಹಂಚುತ್ತಿದ್ದರು: ಇತರ ಮಿಷನರಿಗಳಿಗೆ, ಸ್ಥಳೀಯ ವಿದ್ವಾಂಸರಿಗೆ, ಜರ್ಮನಿಯ ಅರಬ್ಬಿ ಪಂಡಿತರಾದ ಲೈಪ್ಸಿಗ್‌ನ ಫ್ಲೈಷರ್, ಹಾಲೆಯ ರೋಡಿಗರ್, ಡ್ರೆಸ್ಡೆನ್ನಿನ ಫ್ಲೂಗೆಲ್‌ವರೆಗೆ. ಬಂದ ತಿದ್ದುಪಡಿಗಳನ್ನು ನೋಡಿಯೇ ಮುಂದಕ್ಕೆ. ಹೊಸ ಒಡಂಬಡಿಕೆ 1860ರ ಮಾರ್ಚಿನಲ್ಲಿ ಮುಗಿಯಿತು. ಅದಾಗಿ ಎರಡು ತಿಂಗಳಲ್ಲಿ ಲೆಬನಾನ್ ಬೆಟ್ಟದಲ್ಲಿ ಅಂತರ್ಯುದ್ಧ, ಬೈರೂತಿನ ತುಂಬ ನಿರಾಶ್ರಿತರು. ಹಳೆ ಒಡಂಬಡಿಕೆಯ ಅನುವಾದ 1864ರ ಆಗಸ್ಟಿನಲ್ಲಿ ಮುಗಿಯಿತು.

---

ಗ್ಯಾಲಿಪ್ರೂಫ್:

ಲೆವಾಂತ್ ಓದುಗ ಅವರು ಹೇಳಿದ 30 ಕರಡು ಪ್ರತಿಗೆ ಪ್ರೆಸ್ಸಿನ ಮನೆಯಲ್ಲಿ ಬೀಳುವ ಬೆಲೆಯೂ ಇದೆ. ಕರಡು ಜರ್ಮನಿಗೆ ಹೋಗಿ ಬರುವವರೆಗೆ ಆ ಫಾರಮ್ಮಿನ ಮೊಳೆ ಬಿಚ್ಚುವಂತಿಲ್ಲ. ಮೊಳೆ ಕಟ್ಟಿಹಾಕಿದಷ್ಟೂ ಮುಂದಿನ ಫಾರಮ್ಮಿಗೆ ಮೊಳೆ ಸಾಲದು. ಅರಬ್ಬಿಯಲ್ಲಿ ಅಲಿಫ್, ಲಾಮ್ ಎಷ್ಟು ಸುರಿದರೂ ಮೊದಲು ಖಾಲಿಯಾಗುವುದು ಅವೇ.

---

ಲೆವಾಂತ್ ಓದುಗ:

ಹೌದು. ಇನ್ನೊಂದು ವಿಷಯ, ಬೈಬಲ್ಲನ್ನೇ ಅಳತೆಗೋಲು ಮಾಡಿದರೆ ಆ 31 ವರ್ಷ ಖಾಲಿ ಹೋದಂತೆ ಕಾಣುತ್ತದೆ, ಹಾಗಲ್ಲ. ಪೂರ್ವದ ಚರ್ಚುಗಳ ಮಕ್ಕಳು ಓದು ಕಲಿಯುತ್ತಿದ್ದದ್ದೇ ಕೀರ್ತನೆಗಳ ಪುಸ್ತಕದಲ್ಲಿ, ಹಾಗಾಗಿ ಅದಕ್ಕೆ ಬೇಡಿಕೆ ತಪ್ಪುತ್ತಿರಲಿಲ್ಲ. ಶಾಲೆ ಹೆಚ್ಚಿದಂತೆ ವ್ಯಾಕರಣ, ಲೆಕ್ಕ, ಭೂಗೋಳ. ಬುಸ್ತಾನಿಯ ಅಂಕಗಣಿತ 1848ರಲ್ಲಿ, ವ್ಯಾನ್ ಡೈಕನ ಭೂಗೋಳ 1852ರಲ್ಲಿ. ಬಿಟ್ಟಿ ಹಂಚಿದ ಮತಪ್ರಚಾರದ ಕರಪತ್ರ ದಿನಸಿ ಅಂಗಡಿಯ ಪೊಟ್ಟಣವಾಗಬಹುದು, ದುಡ್ಡು ಕೊಟ್ಟು ಕೊಂಡ ವ್ಯಾಕರಣ ಮನೆಯಲ್ಲಿ ಉಳಿಯುತ್ತದೆ. ಬುಸ್ತಾನಿ ಆಮೇಲೆ ತನ್ನದೇ ಶಾಲೆ, ಪತ್ರಿಕೆ, ನಿಘಂಟು, ವಿಶ್ವಕೋಶ ಎಂದು ಹೊರಟ. 1876ರಲ್ಲಿ ಬೈರೂತಿನ ಸಿರಿಯನ್ ಪ್ರೊಟೆಸ್ಟೆಂಟ್ ಕಾಲೇಜಿನ ಯಾಕೂಬ್ ಸರ್ರೂಫ್, ಫಾರಿಸ್ ನಿಮ್ರ್ 'ಅಲ್-ಮುಕ್ತತಫ್' ವಿಜ್ಞಾನ ಪತ್ರಿಕೆ ಶುರು ಮಾಡಿದರು, ಕೆಲವೇ ವರ್ಷದಲ್ಲಿ ಅದನ್ನು ಕೈರೋಗೆ ಒಯ್ದರು.

ಜೆಸ್ಯೂಟರೂ ಸುಮ್ಮನಿರಲಿಲ್ಲ. 1870ರ ದಶಕದ ಕೊನೆಗೆ ಅವರದೇ ಅರಬ್ಬಿ ಬೈಬಲ್ ಬಂತು, ಮುದ್ರಣ ಬಲು ಸೊಗಸು. ಅದರ ಭಾಷೆ ತಿದ್ದಿದವನು ಇಬ್ರಾಹಿಂ ಅಲ್-ಯಾಜಿಜಿ, ನಾಸೀಫನ ಮಗ. ಅಪ್ಪ ಪ್ರೊಟೆಸ್ಟೆಂಟರಿಗೆ, ಮಗ ಕ್ಯಾಥೊಲಿಕರಿಗೆ. ಮಗ ಮುಂದೆ ಅರಬ್ಬಿ ಮೊಳೆಗಳ ವಿನ್ಯಾಸಕ್ಕೂ ಕೈ ಹಾಕಿದ.

---

ಕಲ್ಲಚ್ಚು:

ಐದು-ಸೊನ್ನೆ ವಿಷಯ ಸರಿಯಾಗಿದೆ, ಸ್ಕ್ಯಾನ್ ಮತ್ತೆ ನೋಡಿದೆ, 1865ರದ್ದೇ. ಇದೇ ಬೈಬಲ್ಲಿನ ನ್ಯೂಯಾರ್ಕ್ ಮುದ್ರಣವೂ ಇದೆಯಂತೆ. ಅದನ್ನು ಬೈರೂತಿನದರಿಂದ ಬೇರೆ ಮಾಡಿ ಗುರುತಿಸುವುದು ಹೇಗೆ?

---

ಹಳೆಮೊಳೆ:

ಮುಖಪುಟದಲ್ಲಿ ಊರಿನ ಹೆಸರಿದ್ದರೆ ಅಲ್ಲಿಗೆ ಮುಗಿಯಿತು. ಮುಖಪುಟ ಹರಿದಿದ್ದರೆ ಅಕ್ಷರ ನೋಡಬೇಕು.

1865ರಿಂದ 1867ರವರೆಗೆ ವ್ಯಾನ್ ಡೈಕ್ ನ್ಯೂಯಾರ್ಕಿನಲ್ಲಿದ್ದು, ಅಮೆರಿಕನ್ ಬೈಬಲ್ ಸೊಸೈಟಿಗಾಗಿ ಸ್ವರಚಿಹ್ನೆ ಹಾಕಿದ ಬೈಬಲ್ಲಿನ ತಾಮ್ರದ ತಗಡುಗಳನ್ನು ಮಾಡಿಸಿದ. ಜೋಡಿಸಿದ ಪುಟವನ್ನು ಮೇಣಕ್ಕೆ ಒತ್ತಿ ಅಚ್ಚು ತೆಗೆದು, ಮೇಣದ ಮೇಲೆ ಗ್ರಾಫೈಟ್ ಪುಡಿ ಸವರಿ ವಿದ್ಯುತ್ ಹರಿಯುವಂತೆ ಮಾಡಿ, ಮೈಲುತುತ್ತದ ದ್ರಾವಣದಲ್ಲಿ ಮುಳುಗಿಸಿದರೆ ತಾಮ್ರದ ತೆಳು ಚಿಪ್ಪು ಕಟ್ಟುತ್ತದೆ. ಅದರ ಬೆನ್ನಿಗೆ ಮೊಳೆಯ ಲೋಹ ಹೊಯ್ದು, ಹಿಂಬದಿ ಹೆರೆದು, ಮರದ ಅಡಿಗೆ ಬಿಗಿದು ಮೊಳೆಯ ಎತ್ತರಕ್ಕೆ ತಂದರೆ ತಗಡು ಸಿದ್ಧ. ಇದರಿಂದ ಮೂರು ಕಷ್ಟ ಒಟ್ಟಿಗೆ ಹೋದವು: ಮೊಳೆ ಬಿಚ್ಚಿ ಬೇರೆ ಕೆಲಸಕ್ಕೆ ಬಳಸಬಹುದು, ಸ್ವರಚಿಹ್ನೆ ಜಾರುವುದಿಲ್ಲ, ಬಾಲ ಮುರಿಯುವುದಿಲ್ಲ. ಇದೇ ತಗಡುಗಳ ಪ್ರತಿಯನ್ನು ಬ್ರಿಟಿಷ್ ಬೈಬಲ್ ಸೊಸೈಟಿಗೂ ಕೊಟ್ಟರು, ಹಾಗಾಗಿ ಅದೇ ಪುಟ ಬೇರೆ ಸಂಸ್ಥೆಯ ಹೆಸರಿನಲ್ಲೂ ಸಿಗುತ್ತದೆ.

ಗುರುತಿಸಲು ಎರಡು ಬೇರೆ ವರ್ಷಗಳ ಪ್ರತಿ ಪಕ್ಕಪಕ್ಕ ಇಡಿ. ಒಂದೇ ಪುಟದಲ್ಲಿ ಒಂದೇ ಅಕ್ಷರದ ಒಂದೇ ಮೂಲೆ ಮುಕ್ಕಾಗಿದ್ದು, ಸಾಲಿನ ಅಂತ್ಯಗಳೂ ಕಶೀದಾಗಳೂ ಕೂದಲಷ್ಟೂ ಅಲ್ಲಾಡದಿದ್ದರೆ ಎರಡೂ ತಗಡಿನ ಅಚ್ಚು. ಮೊಳೆಯ ಅಚ್ಚಾದರೆ ಮರುಜೋಡಣೆಯಲ್ಲಿ ಸಾಲುಗಳು ಅಲ್ಲಲ್ಲಿ ಬೇರೆ ಕಡೆ ಮುಗಿಯುತ್ತವೆ, ಮುಕ್ಕಾದ ಮೊಳೆ ಪುಟದಿಂದ ಪುಟಕ್ಕೆ ಅಲೆಯುತ್ತದೆ. ಪಠ್ಯವೇ ಸ್ವರಚಿಹ್ನೆ ಇಲ್ಲದ್ದಾಗಿದ್ದರೆ ಅದು ಈ ಸ್ವರಚಿಹ್ನೆಯ ತಗಡುಗಳದ್ದಲ್ಲ ಎಂಬುದಷ್ಟೇ ಖಚಿತ. ಸುಲ್ತಾನ್ ಅಬ್ದುಲ್‌ಹಮೀದನ ಕಾಲದ ಬೈರೂತ್ ಅಚ್ಚಾದರೆ ಮುಖಪುಟದಲ್ಲೋ ಅದರ ಹಿಂದೆಯೋ ಒಟ್ಟೋಮನ್ ಶಿಕ್ಷಣ ಇಲಾಖೆಯ ಅನುಮತಿಯ ಸಾಲು, ಜೊತೆಗೆ ಸಂಖ್ಯೆ, ತಾರೀಖು ಇರುವುದುಂಟು. ಆ ತಾರೀಖು ಓದುವಾಗ ಐದು ಯಾವುದು, ಸೊನ್ನೆ ಯಾವುದು ನೋಡಿಕೊಳ್ಳಿ.